ಕರಿಘಟ್ಟವೋ ಕುಂತಿಬೆಟ್ಟವೋ: ಹೊಳೆ ಬದಿಯಲ್ಲಿ ಸುತ್ತು ಹಾಕುವವರಿಗೆ

ಹತ್ತಿದ ದಾರಿಯಲ್ಲೇ ಇಳಿಯುವುದು ನನಗೆ ಹಿಡಿಸುವುದಿಲ್ಲ. ಒಂದು ಕಡೆ ಹತ್ತಿ, ಇನ್ನೊಂದು ಕಡೆ ಇಳಿದು, ಹೊಳೆ ದಂಡೆ ಹಿಡಿದು ಗಾಡಿ ನಿಲ್ಲಿಸಿದ ಜಾಗಕ್ಕೇ ಬಂದು ಸೇರಬೇಕು. ಮೈಸೂರಿನಿಂದ ನಸುಕಿಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬೇಕು. ಈ ಆಸೆ ಇಟ್ಟುಕೊಂಡೇ ಶ್ರೀರಂಗಪಟ್ಟಣದ ಕರಿಘಟ್ಟ, ಪಾಂಡವಪುರದ ಕುಂತಿಬೆಟ್ಟ ಎರಡನ್ನೂ ಬೇರೆ ಬೇರೆ ಕಾಲದಲ್ಲಿ ನಡೆದು ನೋಡಿದ್ದೇನೆ.

ಕಷ್ಟ ಬೇಕೆಂದರೆ ಕುಂತಿಬೆಟ್ಟವೇ. ಪಕ್ಕಪಕ್ಕದಲ್ಲಿ ಎರಡು ಬಂಡೆಗುಡ್ಡ. ಬುಡದ ದೇವಸ್ಥಾನ ದಾಟಿದ ಮೇಲೆ ದಾರಿ ಎನ್ನುವುದು ಹೆಸರಿಗಷ್ಟೇ, ಬಂಡೆಯೇ ದಾರಿ. ಕೆಲವು ಕಡೆ ಎರಡು ಗುಂಡುಗಳ ಸಂದಿಯಲ್ಲಿ ಮೈ ಓರೆ ಮಾಡಿ ನುಸುಳಬೇಕು, ಕೆಲವು ಕಡೆ ಅಂಗೈ ಊರಿ ಮೇಲೇಳಬೇಕು. ಬಿಸಿಲಿಗೆ ಕಾದೂ ಕಾದೂ ಕಲ್ಲು ಹಪ್ಪಳದ ಹಾಗೆ ಪದರ ಬಿಟ್ಟಿರುತ್ತದೆ. ಅಂಥ ಚಕ್ಕೆಯ ಮೇಲೆ ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತದೆ. ಆ ಸದ್ದು ಕೇಳಿದೊಡನೆ ಕಾಲು ತೆಗೆಯುವುದು ಒಳ್ಳೆಯದು. ಬುಡದಲ್ಲಿ ದನ ಮೇಯಿಸುತ್ತಿದ್ದ ಅಜ್ಜ ಒಬ್ಬರು, "ಮಳೆ ಬಿದ್ದಾಗ ಬಂಡೆ ನೆಚ್ಕಬ್ಯಾಡಿ ಸಾ, ಪಾಚಿ ಕಟ್ಕಂಡಿರ್ತದೆ" ಅಂದಿದ್ದರು. ಅವರ ಮಾತು ಅಕ್ಷರಶಃ ನಿಜ.

ವನವಾಸದಲ್ಲಿ ಪಾಂಡವರು ಕುಂತಿಯೊಡನೆ ಇಲ್ಲಿದ್ದರೆಂಬುದು ಜನರ ನಂಬಿಕೆ. ಹೈದರ್, ಟಿಪ್ಪು ನೆರವಿಗಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಇತ್ತು. ತುದಿಯಲ್ಲಿ ನಿಂತರೆ ಕೆರೆ, ಗದ್ದೆ, ಕಬ್ಬು ಕಣ್ತುಂಬ. ಆದರೆ ಹೊಳೆ ಸಿಗುವುದಿಲ್ಲ, ಇಳಿಯುವುದಕ್ಕೂ ಅದೇ ಬಂಡೆಯೇ ಗತಿ. ಸುತ್ತು ಹಾಕಲೇಬೇಕೆಂದರೆ ಬೆಟ್ಟದ ಬುಡ ಬಳಸಬೇಕಷ್ಟೆ.

ಕರಿಘಟ್ಟದಲ್ಲಿ ಈ ಕೊರತೆ ಇಲ್ಲ. ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ವಾಹನ ಹೋಗುವ ತಿರುವಿನ ರಸ್ತೆ, ಬುಡದಲ್ಲಿ ಲೋಕಪಾವನಿ ಹೊಳೆ. ಮೆಟ್ಟಿಲೇನು ಸುಲಭದ್ದಲ್ಲ; ನೆರಳು ಕಡಿಮೆ, ಅರ್ಧಕ್ಕೆ ಬರುವಷ್ಟರಲ್ಲಿ ಮೀನಖಂಡ ಬಿಗಿಯುತ್ತದೆ. ಮೇಲೆ ಶ್ರೀನಿವಾಸನ ಗುಡಿ. ಗುಡಿಯ ಹೊರಗೆ ನಿಂತರೆ ಲೋಕಪಾವನಿ ಬಂದು ಕಾವೇರಿ ಸೇರುವುದು, ಆಚೆಗೆ ಶ್ರೀರಂಗಪಟ್ಟಣ, ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಚಾಮುಂಡಿಬೆಟ್ಟ. 1792ರ ಫೆಬ್ರವರಿಯಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ಪಟ್ಟಣದ ಮೇಲೆ ಬಿದ್ದಾಗ ಈ ಗುಡ್ಡವನ್ನೂ ಹಿಡಿಯಲು ಹೊರಟಿದ್ದೇಕೆ ಎಂಬುದು ಅಲ್ಲಿ ನಿಂತರೆ ತಾನಾಗಿ ತಿಳಿಯುತ್ತದೆ. ರಸ್ತೆಯಲ್ಲಿ ಇಳಿದು ಹೊಳೆ ಕಡೆ ತಿರುಗಿದರೆ ತೆಂಗಿನ ತೋಟದ ತಂಪು. ಬೆವರಿದ ಮೈಗೆ ಆ ಗಾಳಿ ತಾಗುವ ಗಳಿಗೆಗೆಂದೇ ನಾನು ಮತ್ತೆ ಮತ್ತೆ ಕರಿಘಟ್ಟಕ್ಕೆ ಹೋಗುವುದು.

ಬೆಟ್ಟಗಳ ನಡುವಿನ ನಿಜವಾದ ನದಿಕಣಿವೆ ಮಂಡ್ಯ ಜಿಲ್ಲೆಯಲ್ಲಿ ಬೇಕೆಂದರೆ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ. ಸೀತೆಯ ಮೂಗುತಿಯನ್ನು ಆಂಜನೇಯ ಬಾಲದಿಂದ ಹುಡುಕಿ ಕೊಟ್ಟನೆಂಬ ಕಥೆಯ ಊರು. ಆದರೆ ಅದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ಸೀಮೆ. ಆನೆ ಓಡಾಡುವ ಕಾಡು, ನೀರಿನಲ್ಲಿ ಮೊಸಳೆ, ಸುಳಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿಗೆ ಕಾಲಿಡುವಂತಿಲ್ಲ. ಹಾಗಾಗಿ ಇಲ್ಲಿನ ಪೈಪೋಟಿಗೆ ಅದನ್ನು ಸೇರಿಸಿಲ್ಲ.

ಬಂಡೆ ಹತ್ತಿ ಕೈಕಾಲು ಪಳಗಿಸಬೇಕು ಅನ್ನುವವರು ಮಳೆ ನಿಂತು ಬಂಡೆ ಒಣಗಿದ ಮೇಲೆ, ಚಳಿಗಾಲದಲ್ಲಿ ಕುಂತಿಬೆಟ್ಟಕ್ಕೆ ಹೋಗಲಿ. ಮನೆಯವರನ್ನು ಕರೆದುಕೊಂಡು ಹೋಗುವವರಿಗೂ, ನನ್ನ ಹಾಗೆ ಹೊಳೆಯ ಹುಚ್ಚಿರುವವರಿಗೂ ಕರಿಘಟ್ಟವೇ ಸರಿ. ಮೆಟ್ಟಿಲಲ್ಲಿ ಹತ್ತಿ, ರಸ್ತೆಯಲ್ಲಿ ಇಳಿಯಿರಿ. ತಿರುಗಾಮುರುಗಾ ಮಾಡಿದರೆ ಮಂಡಿ ಹಿಡಿದುಕೊಳ್ಳುತ್ತದೆ. ನೀರನ್ನು ಕೆಳಗಿನಿಂದಲೇ ಒಯ್ಯಿರಿ. ಬೇಸಿಗೆಯಲ್ಲಿ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಬೀಡಿ ತುಂಡು ಸಾಕು ಹೊತ್ತಿಕೊಳ್ಳಲು. ನೆಟ್ಟ ಸಸಿಗಳೂ ಅದರಲ್ಲೇ ಸುಟ್ಟುಹೋಗುತ್ತವೆ. ಬೆಂಕಿಪೊಟ್ಟಣ ಗಾಡಿಯಲ್ಲೇ ಇರಲಿ.