ಹೊಸಬರ ಪೋಕರ್: ಲಿಮಿಟ್ಟೋ, ನೋ-ಲಿಮಿಟ್ಟೋ?

ದಾವಣಗೆರೆಯಲ್ಲಿ ರಮ್ಮಿ ಆಡಿ ಪಳಗಿದ ಗೆಳೆಯರು ಪೋಕರ್‌ನ ಒಂದು ಬಗೆಯಾದ ಟೆಕ್ಸಾಸ್ ಹೋಲ್ಡೆಮ್ ಕಲಿಯಲು ಕುಳಿತರೆ ಮೊದಲು ಲಿಮಿಟ್ ಆಡುವುದೋ ನೋ-ಲಿಮಿಟ್ ಆಡುವುದೋ ಎಂಬ ಆಯ್ಕೆಯನ್ನು ಮಾಡಿಕೊಳ್ಳಬೇಕು. ಲಿಮಿಟ್ ಆಟದಲ್ಲಿ ಪ್ರತಿ ಸುತ್ತಿನ ಪಂತದ ಮೊತ್ತ ಮೊದಲೇ ನಿಗದಿಯಾಗಿರುವುದರಿಂದ, ದುರ್ಬಲ ಎಲೆ ಹಿಡಿದು ಸುಮ್ಮನೆ ಕಾಲ್ ಮಾಡುತ್ತಾ (ಎದುರಾಳಿಯ ಪಂತಕ್ಕೆ ಸಮನಾಗಿ ಹಾಕುತ್ತಾ) ಹೋಗುವ ಹೊಸಬರ ತಪ್ಪಿಗೆ ತೆರುವ ಬೆಲೆ ಮಿತಿಯಲ್ಲಿರುತ್ತದೆ. ನೋ-ಲಿಮಿಟ್‌ನಲ್ಲಿ ಪಂತಕ್ಕೆ ಮಿತಿಯಿಲ್ಲದ್ದರಿಂದ ಅದೇ ತಪ್ಪಿಗೆ ಒಂದೇ ಆಟದಲ್ಲಿ ಪಂತ ಕಟ್ಟುವ ಬಿಲ್ಲೆಗಳು, ಅಂದರೆ ಎಲ್ಲ ಚಿಪ್‌ಗಳೂ ಹೋಗಬಹುದು.

ನಿಮ್ಮ ಕೈಯಲ್ಲಿ ಎರಡು, ನೆಲದಲ್ಲಿ (ಎಲ್ಲರಿಗೂ ಸಲ್ಲುವ ಎಲೆಗಳಲ್ಲಿ) ಎರಡು ಆಟೀನು ಎಲೆಗಳಿದ್ದು, ಇನ್ನೊಂದೇ ಎಲೆ ಬೀಳುವುದು ಬಾಕಿಯಿದೆ ಎನ್ನಿ. ಐದೂ ಆಟೀನು ಆದರೆ ಬಲವಾದ ಕೈ; ಐದನೆಯ ಆಟೀನು ಬರುವ ಸಾಧ್ಯತೆ ನಿಮಗೆ ಕಾಣದ 46 ಎಲೆಗಳಲ್ಲಿ 9, ಅಂದರೆ ಸುಮಾರು ಶೇ 20. ಪಾಟ್‌ನಲ್ಲಿ (ಎಲ್ಲರ ಪಂತ ಸೇರಿದ ರಾಶಿಯಲ್ಲಿ) 300 ಚಿಪ್‌ಗಳಿದ್ದಾಗ ಲಿಮಿಟ್‌ನ ನಿಯಮದಂತೆ ಎದುರಾಳಿ 50 ಹಾಕಿದರೆ, ನಿಮ್ಮ 50 ಸೇರಿ ಪಾಟ್ 400 ಆಗುವುದರಿಂದ ಕಾಲ್ ಮಾಡಲು ಶೇ 12.5ರಷ್ಟು ಸಾಧ್ಯತೆ ಇದ್ದರೂ ಸಾಕು. ನೋ-ಲಿಮಿಟ್‌ನಲ್ಲಿ ಆತ 300 ಹಾಕಿದರೆ, ನಿಮ್ಮ 300 ಸೇರಿ ಪಾಟ್ 900 ಆಗುವುದರಿಂದ ಶೇ 33 ಬೇಕು, ಆದ್ದರಿಂದ ಎಲೆಗಳನ್ನು ಬಿಟ್ಟುಬಿಡುವುದೇ ಸಾಮಾನ್ಯವಾಗಿ ಸರಿ. ಹೊಸಬರು ಎರಡೂ ಕಡೆ ಕಾಲ್ ಮಾಡುತ್ತಾರೆ.

ಒಳ್ಳೆಯ ಎಲೆಗೆ ದೊಡ್ಡ ಪಂತ, ಸಾಧಾರಣ ಎಲೆಗೆ ಸಣ್ಣ ಪಂತ ಕಟ್ಟಿ ಗುಟ್ಟು ಬಿಟ್ಟುಕೊಡುವ ತಪ್ಪು ನೋ-ಲಿಮಿಟ್‌ನದ್ದೇ. ಲಿಮಿಟ್‌ಗೂ ಕೊರತೆಯಿದೆ: ದೊಡ್ಡ ಪಂತದಿಂದ ಎದುರಾಳಿಯನ್ನು ಹೊರದೂಡಲು ಅಲ್ಲಿ ಬರುವುದಿಲ್ಲ.

ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿರುವುದರಿಂದ, ಮನೆಯಲ್ಲಿ ಬರೀ ಚಿಪ್‌ಗಳನ್ನಿಟ್ಟುಕೊಂಡು ಆಡುವವರಿಗಷ್ಟೇ ನನ್ನ ಸಲಹೆ: ಪಾಟ್‌ನ ಲೆಕ್ಕ ಬಾಯಿಗೆ ಬರುವವರೆಗೆ ಲಿಮಿಟ್ ಆಡಿ, ಆಮೇಲೆ ನೋ-ಲಿಮಿಟ್‌ಗೆ ಬನ್ನಿ.