ಸಂಕಲನಕ್ಕೆ ಸಾಹಸ ಕಳುಹಿಸುವ ಮೊದಲು ಕರಾರಿನ ಕೊನೆಯ ಪುಟ ಓದಿ

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಸ್ವಂತ ಸಾಹಸಗಳನ್ನು, ಎಂದರೆ ಆಟಗಾರರು ಆಡುವ ಕಥೆಗಳನ್ನು, ಬರೆಯುವವರಿಗಾಗಿ ಈ ಬರಹ. ‘ಅಭಿಮಾನಿಗಳ ಸಂಕಲನ ತರುತ್ತಿದ್ದೇವೆ, ನಿಮ್ಮದನ್ನೂ ಕಳುಹಿಸಿ, ಮಾರಾಟದಲ್ಲಿ ಪಾಲು ಕೊಡುತ್ತೇವೆ’ ಎಂದು ಅಂತರ್ಜಾಲದಲ್ಲಿ ಕರೆ ಕೊಡುವ ಸಣ್ಣ ಪ್ರಕಾಶಕರಿದ್ದಾರೆ. ಅಂಥ ಒಬ್ಬರ ಸಹವಾಸದಿಂದ ನನ್ನ ಒಂದು ಇಡೀ ಕಾಲ್ಪನಿಕ ಊರು ಕೈಬಿಟ್ಟು ಹೋಗಿದೆ.

ಸಾಹಸ ನಡೆಯುವುದು ಕರಾವಳಿಯ ಒಂದು ಬಂದರಿನಲ್ಲಿ. ಮೆಣಸಿನ ಗೋದಾಮಿನ ನೆಲಮಾಳಿಗೆಯ ಕಾವಲಿಗೆ ಉಪ್ಪುನೀರಿನ ಪ್ರಾಣಿಯೊಂದನ್ನು ಕಟ್ಟಿದ್ದೆ. ಅದರ ಹೆಸರು, ರೂಪ, ದಾಳಿಯ ಅಂಕಿಗಳು ಎಲ್ಲವೂ ನನ್ನವೇ. ಸಂಕಲನದ ಪಿಡಿಎಫ್ ತೆರೆದರೆ ಆ ನೆಲಮಾಳಿಗೆಯಲ್ಲಿ ಈ ಆಟದ್ದೇ ಪ್ರಾಣಿಯಾದ ಬಿಹೋಲ್ಡರ್ ತೇಲುತ್ತಿತ್ತು! ನಡುವೆ ಒಂದು ದೊಡ್ಡ ಕಣ್ಣು, ತಲೆಯ ಮೇಲೆ ಹತ್ತು ದಂಟುಗಣ್ಣು. ಸಂಪಾದಕರು ನನ್ನನ್ನು ಒಂದು ಮಾತೂ ಕೇಳದೆ ಬದಲಾಯಿಸಿದ್ದರು. ವಿಚಾರಿಸಿದರೆ, ಪರಿಚಿತ ಪ್ರಾಣಿ ಇದ್ದರೆ ಪುಸ್ತಕ ಖರ್ಚಾಗುತ್ತದೆ, 2023ರಿಂದ ಈ ಆಟವೆಲ್ಲ ಮುಕ್ತವಲ್ಲವೇ ಎಂಬ ಉತ್ತರ ಬಂತು.

ಈ ಅರ್ಧಸತ್ಯವೇ ಅಪಾಯಕಾರಿ. ಈ ಆಟವನ್ನು ಪ್ರಕಟಿಸುವ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ, ಆಟದ ನಿಯಮಗಳನ್ನು ಇತರರೂ ಬಳಸಲೆಂದು 2000ದಲ್ಲಿ ಓಜಿಎಲ್ ಎಂಬ ಮುಕ್ತ ಪರವಾನಗಿ ತಂದಿತ್ತು. ಅದನ್ನು ಅಮಾನ್ಯಗೊಳಿಸಿ, ವರ್ಷಕ್ಕೆ ಏಳೂವರೆ ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ರಾಯಧನ ಕೇಳುವ ಹೊಸ ಕರಡು 2023ರ ಜನವರಿಯಲ್ಲಿ ಸೋರಿಕೆಯಾಯಿತು. ಆಟಗಾರರು ತಿರುಗಿಬಿದ್ದರು. ಅದೇ ತಿಂಗಳ 27ರಂದು ಕಂಪನಿ ಹಿಂದೆ ಸರಿದು, ಹಳೆಯ ಪರವಾನಗಿಯನ್ನು ಹಾಗೆಯೇ ಉಳಿಸಿತು. ಜೊತೆಗೆ ಎಸ್‌ಆರ್‌ಡಿ 5.1 ಎಂಬ ಸುಮಾರು 400 ಪುಟಗಳ ನಿಯಮ ಸಂಗ್ರಹವನ್ನು, ಮೂಲದ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಆಗ ಮುಕ್ತವಾದದ್ದು ಆ ಸಂಗ್ರಹ ಮಾತ್ರ. ಬಿಹೋಲ್ಡರ್, ಮೈಂಡ್ ಫ್ಲೇಯರ್ ಎಂಬ ಪ್ರಾಣಿಗಳ ವಿವರ ಅದರಲ್ಲಿಲ್ಲ. ಓಜಿಎಲ್‌ನ ಜೊತೆ ಬಂದ ಸಂಗ್ರಹದಲ್ಲಂತೂ ಇವೆರಡನ್ನೂ ಹೆಸರಿಸಿಯೇ ಹೊರಗಿಡಲಾಗಿದೆ. ಇಪ್ಪತ್ತು ಮುಖದ ದಾಳ ಉರುಳಿಸಿ ಅಂಕಿ ಕೂಡಿಸುವ ವಿಧಾನಕ್ಕೆ ಯಾರದೂ ಕೃತಿಸ್ವಾಮ್ಯವಿಲ್ಲ. ಆದರೆ ಅದನ್ನು ವಿವರಿಸಿದ ಬರಹ, ಚಿತ್ರ, ಕಲ್ಪಿತ ಪಾತ್ರಗಳಿಗೆ ಇರುತ್ತದೆ. ಈ ಆಟವೇ 1970ರ ದಶಕದಲ್ಲಿ ಟೋಲ್ಕಿನ್ ಕೃತಿಗಳ ಹಕ್ಕುದಾರರು ಆಕ್ಷೇಪಿಸಿದಾಗ ಆ ಕೃತಿಗಳ ಕುಳ್ಳ ಜನರಾದ ‘ಹಾಬಿಟ್’ಗಳ ಹೆಸರನ್ನು ‘ಹಾಫ್‌ಲಿಂಗ್’ ಎಂದು ಬದಲಿಸಿಕೊಂಡಿತ್ತು. ಅವರಿಗೇ ತಪ್ಪದ್ದು ನಮಗೆ ತಪ್ಪೀತೇ?

ಸಂಕಲನದ ಕ್ರೆಡಿಟ್ ಪುಟವಂತೂ ನೋಡುವಂತಿತ್ತು. ಮೇಲೆ ಓಜಿಎಲ್‌ನ ಹೆಸರು, ಆದರೆ ಪರವಾನಗಿಯ ಪಠ್ಯವೇ ಇಲ್ಲ. ಪ್ರತಿಯೊಂದು ಪ್ರತಿಯಲ್ಲೂ ಅದು ಇರಲೇಬೇಕೆಂಬುದು ಅದೇ ಪರವಾನಗಿಯ ಷರತ್ತು. ಅದರ ಕೆಳಗೆ ಕ್ರಿಯೇಟಿವ್ ಕಾಮನ್ಸ್ ಗುರುತು. ಇನ್ನೂ ಕೆಳಗೆ ‘ಇದು ಅನಧಿಕೃತ ಅಭಿಮಾನಿ ಕೃತಿ’ ಎಂಬ ಸಾಲು. ಕಂಪನಿಯ ಅಭಿಮಾನಿ ನೀತಿ ಅನ್ವಯಿಸುವುದು ಉಚಿತವಾಗಿ ಹಂಚುವ ಕೃತಿಗಳಿಗೆ. ಇವರೋ ಪುಸ್ತಕಕ್ಕೆ ಬೆಲೆ ಕಟ್ಟಿ ಮಾರುತ್ತಿದ್ದರು. ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ಕಂಡಿದ್ದೆ, ಮೂರರಲ್ಲಿ ಇಟ್ಟವರನ್ನು ಕಂಡಿರಲಿಲ್ಲ.

ದೂರು ಹೋಯಿತು, ಮಾರಾಟದ ತಾಣ ಪುಸ್ತಕವನ್ನು ತೆಗೆದುಹಾಕಿತು. ಆಮೇಲೆ ಪ್ರಕಾಶಕರಿಂದ ನನಗೆ ಬಂದ ಪತ್ರದಲ್ಲಿ ಕರಾರಿನ ಎರಡು ಕಲಮುಗಳನ್ನು ಎತ್ತಿ ಬರೆದಿದ್ದರು. ಬರಹದಿಂದ ಯಾವುದೇ ಹಕ್ಕಿನ ತಕರಾರು ಹುಟ್ಟಿದರೆ ನಷ್ಟ ಬರಹಗಾರರದು. ಹಾಗಾಗಿ ಕೊಳ್ಳುಗರಿಗೆ ಮರಳಿಸಿದ ಹಣ ನನ್ನ ಪಾಲಿನಿಂದ ವಜಾ. ಬಿಹೋಲ್ಡರ್ ತಂದು ಕೂರಿಸಿದವರು ಅವರು, ದಂಡ ತೆರಬೇಕಾದವನು ನಾನು! ಇನ್ನೊಂದು ಕಲಮಿನ ಪ್ರಕಾರ ಬರಹದಲ್ಲಿ ಬರುವ ಊರು, ಪಾತ್ರ, ಪ್ರಾಣಿಗಳೆಲ್ಲ ಶಾಶ್ವತವಾಗಿ, ಜಗತ್ತಿನಾದ್ಯಂತ ಪ್ರಕಾಶಕರ ಸೊತ್ತು. ಪುಸ್ತಕ ಮಾರುಕಟ್ಟೆಯಲ್ಲಿಲ್ಲ, ಆದರೂ ಆ ಬಂದರನ್ನು ನಾನು ಬೇರೆಡೆ ಬಳಸುವಂತಿಲ್ಲ ಎನ್ನುವುದು ಅವರ ವಾದ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಲ್ಲಿ ಸ್ವಲ್ಪ ರಕ್ಷಣೆಯಿದೆ. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ‘ಶಾಶ್ವತ’, ‘ಜಗತ್ತಿನಾದ್ಯಂತ’ ಎಂಬ ಪದಗಳನ್ನು ಕರಾರಿನಲ್ಲಿ ತುರುಕುವುದೇ ಈ ಬಾಗಿಲುಗಳನ್ನು ಮುಚ್ಚಲು.

ನೀವು ಸಹಿ ಮಾಡುವುದಾದರೆ ಆ ಎರಡು ಪದಗಳನ್ನು ಹೊಡೆದುಹಾಕಿಸಿ. ಪ್ರಕಟಣೆಯ ಪರವಾನಗಿ ಮಾತ್ರ ಕೊಡಿ, ಊರು–ಪಾತ್ರಗಳನ್ನು ಬಿಟ್ಟುಕೊಡಬೇಡಿ. ಸಂಪಾದಕರು ಸೇರಿಸಿದ್ದಕ್ಕೆ ಸಂಪಾದಕರೇ ಹೊಣೆ ಎಂದು ಬರೆಯಿಸಿ, ಅಂತಿಮ ಕರಡು ಮತ್ತು ಕ್ರೆಡಿಟ್ ಪುಟ ನಿಮ್ಮ ಒಪ್ಪಿಗೆಯಿಲ್ಲದೆ ಹೊರಹೋಗಬಾರದು ಎಂದೂ ಸೇರಿಸಿ. ಇದಕ್ಕೆ ಒಪ್ಪದವರು ‘ನಾವೆಲ್ಲ ಅಭಿಮಾನಿಗಳೇ, ಇದೆಲ್ಲ ಯಾಕೆ’ ಎನ್ನುತ್ತಾರೆ. ನನಗೂ ಅದನ್ನೇ ಹೇಳಿದ್ದರು. ಅದೇ ಪ್ರಕಾಶಕರು ಈಗ ಬೇರೆ ಹೆಸರಿನಲ್ಲಿ, ಭಾರತೀಯ ಪುರಾಣಗಳ ಸಾಹಸ ಸಂಕಲನಕ್ಕೆ ಬರಹ ಕೇಳುತ್ತಿದ್ದಾರೆ. ಕರಾರಿನ ಕಲಮುಗಳು ಅಕ್ಷರವೂ ಬದಲಾಗಿಲ್ಲ.