ಕೈಯಿಂದ ಕೈಗೆ ಬಂದ ಬ್ಲ್ಯಾಕ್ ರಾಸ್ಪ್‌ಬೆರಿ ಗಿಡವನ್ನು ನೆಡುವ ಮುನ್ನ

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿ ನಮ್ಮ ಮನೆಯಿದೆ. 2024ರ ಏಪ್ರಿಲ್ ಕೊನೆಯ ವಾರದಲ್ಲಿ ನಮ್ಮ ಹಿತ್ತಲಿನ ಹನ್ನೊಂದು ಬ್ಲ್ಯಾಕ್ ರಾಸ್ಪ್‌ಬೆರಿ ಗಿಡಗಳನ್ನು ಬೇರುಸಮೇತ ಅಗೆದು, ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ, ಕಸದ ಗಾಡಿಗೆ ಹಾಕಿದೆ. ನಾಲ್ಕು ವರ್ಷ ಆರೈಕೆ ಮಾಡಿದ ಗಿಡಗಳು ಹೋದವೆಂಬ ದುಃಖ ದೊಡ್ಡದೇ. ಆದರೆ ಇದನ್ನು ಬರೆಯಲು ಕಾರಣ ಅದಲ್ಲ. ಆ ಗಿಡಗಳಿಗೆ ತಗಲಿದ್ದ ಕಿತ್ತಳೆ ತುಕ್ಕು ಎಂಬ ಶಿಲೀಂಧ್ರ ರೋಗವನ್ನು ನಾನು ನನ್ನ ಕೈಯಾರೆ ಇನ್ನೂ ನಾಲ್ಕು ಮನೆಗಳ ತೋಟಕ್ಕೆ ದಾಟಿಸಿದ್ದೆ. ಈ ಭಾಗದಲ್ಲಿ ನೆಲೆಸಿರುವ ನಮ್ಮವರಲ್ಲಿ ಗಿಡ, ಬೀಜ, ಬಳ್ಳಿಗಳನ್ನು ಪರಸ್ಪರ ಹಂಚಿಕೊಳ್ಳದವರು ಬಹಳ ಕಡಿಮೆ. ಆದ್ದರಿಂದ ನನಗಾದದ್ದನ್ನು ವಿವರವಾಗಿ ಹೇಳಿಬಿಡುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಬ್ಲ್ಯಾಕ್ ರಾಸ್ಪ್‌ಬೆರಿ ಉತ್ತರ ಅಮೆರಿಕದ ಪೂರ್ವ ಭಾಗದ ಮೂಲನಿವಾಸಿ ಸಸ್ಯ. ಇದನ್ನು ಬ್ಲ್ಯಾಕ್‌ಬೆರಿ ಎಂದು ತಪ್ಪು ತಿಳಿಯುವವರು ಅನೇಕರು. ಕಿತ್ತಾಗ ಒಳಗಿನ ಬಿಳಿಯ ದಿಂಡು ಗಿಡದಲ್ಲೇ ಉಳಿದು, ಹಣ್ಣು ಟೊಪ್ಪಿಗೆಯಂತೆ ಟೊಳ್ಳಾಗಿ ಕೈಗೆ ಬಂದರೆ ಅದು ರಾಸ್ಪ್‌ಬೆರಿ. ದಿಂಡು ಹಣ್ಣಿನೊಂದಿಗೇ ಬಂದರೆ ಬ್ಲ್ಯಾಕ್‌ಬೆರಿ. ನಾನು ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದ ಕಡೆಯ ರೇಷ್ಮೆ ಸಾಕುವ ಮನೆಯಲ್ಲಿ. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಹಣ್ಣು ತಿಂದು ನಾಲಗೆ, ಬೆರಳು, ಲಂಗ ಎಲ್ಲವನ್ನೂ ಕಪ್ಪು ಮಾಡಿಕೊಂಡ ನನಗೆ, ಜೂನ್ ಕೊನೆಯಲ್ಲಿ ಇಲ್ಲಿ ಮಾಗುವ ಈ ಹಣ್ಣನ್ನು ಮೊದಲ ಬಾರಿ ಕಂಡಾಗ ತವರನ್ನು ಕಂಡಂತಾಗಿತ್ತು. ಹಿಪ್ಪುನೇರಳೆಯ ಕಡ್ಡಿಯನ್ನು ಪಕ್ಕದ ಹೊಲದವರಿಂದ ತಂದು ಊರಿದರೆ ಸಾಕು, ಅದು ಚಿಗುರುತ್ತದೆ ಎಂಬುದು ನಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸದ ತಿಳಿವಳಿಕೆ. ಅದೇ ತಿಳಿವಳಿಕೆಯನ್ನು ಇಲ್ಲಿಯೂ ಅನ್ವಯಿಸಿದ್ದು ನನ್ನ ಮೊದಲ ತಪ್ಪು.

2020ರ ವಸಂತದಲ್ಲಿ, ರಸ್ತೆಬದಿಯಲ್ಲಿ ಗಿಡ ಮಾರುತ್ತಿದ್ದವರೊಬ್ಬರಿಂದ ಆರು ಗಿಡಗಳನ್ನು ಕೊಂಡೆ. ಕಾಡಿನಂಚಿನಿಂದ ಅಗೆದು ತಂದವು, ನರ್ಸರಿಯವಕ್ಕಿಂತ ಗಟ್ಟಿ ಎಂದು ಅವರು ಹೇಳಿದ್ದನ್ನು ಗುಣವೆಂದೇ ಭಾವಿಸಿದೆ. ನರ್ಸರಿಯಲ್ಲಿ ಕೇಳುವ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಸಿಕ್ಕವು ಎಂಬುದೂ ನಿಜ. ಅವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಗಿಡದೊಳಗೆ ಏನಿತ್ತೆಂಬುದು ಬಹುಶಃ ಅವರಿಗೂ ತಿಳಿದಿರಲಿಲ್ಲ.

ಈ ಗಿಡದಲ್ಲಿ ಬುಡ ಮಾತ್ರ ಬಹುಕಾಲ ಬದುಕುತ್ತದೆ. ಬುಡದಿಂದ ಒಂದು ವರ್ಷ ಎದ್ದ ಕಡ್ಡಿ ಮರುವರ್ಷ ಹೂಬಿಟ್ಟು, ಹಣ್ಣು ಕೊಟ್ಟು, ಒಣಗಿಹೋಗುತ್ತದೆ. 2021ರ ಜೂನ್‌ನಲ್ಲಿ ಐದು ಗಿಡಗಳು ಹಣ್ಣು ಕೊಟ್ಟವು. ಆರನೆಯದು ಸಣಕಲು ಚಿಗುರುಗಳನ್ನು ಗುಂಪುಗುಂಪಾಗಿ ಬಿಟ್ಟಿತೇ ಹೊರತು ಒಂದು ಹೂವೂ ಅರಳಲಿಲ್ಲ. ಅದರ ಎಲೆಯನ್ನು ಒಮ್ಮೆಯಾದರೂ ಮಗುಚಿ ನೋಡಬೇಕೆಂದು ನನಗೆ ತೋಚಲಿಲ್ಲ. ಗೊಬ್ಬರ ಸಾಲದೆಂದು ಇನ್ನಷ್ಟು ಗೊಬ್ಬರ ಹಾಕಿದೆ. ಅಂದು ಐದು ನಿಮಿಷ ಬಗ್ಗಿ ನೋಡಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ.

ಕೆಂಪು ರಾಸ್ಪ್‌ಬೆರಿ ಬೇರಿನಿಂದ ಮರಿಗಳನ್ನು ಎಬ್ಬಿಸಿ ಹರಡುತ್ತದೆ. ಕಪ್ಪಿನದು ಹಾಗಲ್ಲ. ಅದರ ಉದ್ದನೆಯ ಕಡ್ಡಿಗಳು ಬೇಸಿಗೆಯ ಕೊನೆಗೆ ಬಿಲ್ಲಿನಂತೆ ಬಾಗಿ, ತುದಿ ನೆಲ ಮುಟ್ಟಿದಲ್ಲಿ ಬೇರು ಬಿಟ್ಟು, ಮುಂದಿನ ವಸಂತಕ್ಕೆ ಹೊಸ ಗಿಡವಾಗಿ ನಿಲ್ಲುತ್ತವೆ. ಕಡ್ಡಿ ಎರಡು, ಎರಡೂವರೆ ಅಡಿ ಬೆಳೆದಾಗಲೇ ತುದಿ ಚಿವುಟಿದ್ದರೆ ಅದು ಪಕ್ಕದ ಕೊಂಬೆಗಳನ್ನು ಬಿಟ್ಟು ಹೆಚ್ಚು ಹಣ್ಣು ಕೊಡುತ್ತಿತ್ತು. ನಾನು ಬೇಕೆಂದೇ ಚಿವುಟದೆ ಬಿಟ್ಟು, ತುದಿಗಳನ್ನು ಮಣ್ಣಿನಲ್ಲಿ ಹೂತು, ಹದಿನಾಲ್ಕು ಗಿಡಗಳನ್ನು ಮಾಡಿಕೊಂಡೆ. ಐದನ್ನು ನಮ್ಮಲ್ಲೇ ಉಳಿಸಿಕೊಂಡು, ಉಳಿದ ಒಂಬತ್ತನ್ನು 2022ರ ಏಪ್ರಿಲ್‌ನಲ್ಲಿ, ಯುಗಾದಿಯ ಕೂಟದಲ್ಲಿ, ನಾಲ್ಕು ಮನೆಯವರಿಗೆ ಹಂಚಿದೆ. ಅರಿಶಿನ ಕುಂಕುಮದೊಂದಿಗೆ ಗಿಡ ಕೊಟ್ಟ ಸಂತೋಷ ಈಗಲೂ ನೆನಪಿದೆ.

ಮೇ ತಿಂಗಳ ನಡುವಿನಲ್ಲಿ ಆ ಆರನೆಯ ಗಿಡದ ಎಲೆಗಳು ಸೊಟ್ಟಗಾಗಿ, ತಿಳಿಹಳದಿ ಬಣ್ಣಕ್ಕೆ ತಿರುಗಿದ್ದವು. ಮಗುಚಿದರೆ ಎಲೆಯ ಅಡಿಭಾಗವೆಲ್ಲ ಕೇಸರಿ ಬಣ್ಣ. ಮೊದಲು ಮೇಣದ ಹೊಳಪಿದ್ದ ಗುಳ್ಳೆಗಳು ಕೆಲವೇ ದಿನಗಳಲ್ಲಿ ಒಡೆದು, ಮುಟ್ಟಿದರೆ ಆಂಜನೇಯನಿಗೆ ಹಚ್ಚುವ ಸಿಂಧೂರದಂತೆ ಬೆರಳಿಗೆ ಅಂಟುವ ಪುಡಿಯಾದವು. ಕೆಟ್ಟ ಎಲೆಗಳನ್ನೂ ಕೊಂಬೆಗಳನ್ನೂ ಕತ್ತರಿಸಿ ಹಾಕಿದೆ. ಜುಲೈ ಹೊತ್ತಿಗೆ ಗಿಡ ಹಸಿರಾಗಿ, ಬೇರೆ ಗಿಡಗಳಂತೆಯೇ ಕಾಣತೊಡಗಿತು. ವಾಸಿಯಾಯಿತೆಂದು ನಂಬಿದೆ. ಈ ರೋಗದಲ್ಲಿ ಜನ ಮೋಸಹೋಗುವುದು ಇಲ್ಲೇ.

ಚಿಕ್ಕಮಗಳೂರಿನ ಕಾಫಿ ತೋಟದ ಮನೆಯಿಂದ ಬಂದ ಗೆಳತಿಯೊಬ್ಬಳು ಚಿತ್ರ ನೋಡಿ, “ಇದು ತುಕ್ಕು ರೋಗ ಕಣೆ, ನಮ್ಮಲ್ಲಿ ಬೋರ್ಡೋ ಹೊಡೀತಾರೆ, ಹತೋಟಿಗೆ ಬರುತ್ತೆ” ಎಂದಳು. ರೋಗದ ಹೆಸರನ್ನು ಅವಳು ಸರಿಯಾಗಿಯೇ ಗುರುತಿಸಿದ್ದಳು. ಕಾಫಿಯ ಎಲೆ ತುಕ್ಕು ರೋಗ ಎಲೆಯ ಮೇಲೆ ಅಲ್ಲಲ್ಲಿ ಚುಕ್ಕೆಯಾಗಿ ಕೂರುವಂಥದ್ದು. ಎಲೆಗೆ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಲವಣ) ಮತ್ತು ಸುಣ್ಣದ ದ್ರಾವಣದ ಲೇಪವಿದ್ದರೆ ಹೊಸ ಸೋಂಕನ್ನು ತಡೆಯಬಹುದು. ನಮ್ಮ ಗಿಡಕ್ಕೆ ಬಂದದ್ದು ಆರೆಂಜ್ ರಸ್ಟ್, ಅಂದರೆ ಕಿತ್ತಳೆ ತುಕ್ಕು. ಇದರ ಶಿಲೀಂಧ್ರ ಒಮ್ಮೆ ಒಳಹೊಕ್ಕರೆ ಕಡ್ಡಿ, ಬುಡ, ಬೇರುಗಳಲ್ಲೆಲ್ಲ ಹಬ್ಬಿ, ಗಿಡ ಬದುಕಿರುವವರೆಗೂ ಅಲ್ಲೇ ಇರುತ್ತದೆ. ಹೊರಗಿನಿಂದ ಸಿಂಪಡಿಸುವ ತಾಮ್ರ ಒಳಗಿನದನ್ನು ತಲುಪುವುದಿಲ್ಲ. ಗಿಡವೂ ಸಾಯುವುದಿಲ್ಲ, ಪ್ರತಿ ವಸಂತದಲ್ಲೂ ಸಣಕಲು ಚಿಗುರು ಬಿಟ್ಟು, ಹಣ್ಣು ಕೊಡದೆ, ಪುಡಿಯನ್ನು ಮಾತ್ರ ಗಾಳಿಗೆ ತೂರುತ್ತಿರುತ್ತದೆ. ಇದು ತಿಳಿಯದೆ 2023ರ ಇಡೀ ವಸಂತವನ್ನು ತಾಮ್ರದ ದ್ರಾವಣ ಸಿಂಪಡಿಸುತ್ತ ಕಳೆದೆ. ಆ ವರ್ಷ ಕೇಸರಿ ಪುಡಿ ನಾಲ್ಕು ಗಿಡಗಳಲ್ಲಿ ಕಾಣಿಸಿಕೊಂಡಿತು.

ಅದೇ ಜೂನ್‌ನಲ್ಲಿ, ನಾನು ಗಿಡ ಕೊಟ್ಟಿದ್ದ ಮನೆಯೊಂದರಿಂದ ಕರೆ ಬಂತು. “ಅಕ್ಕ, ನೀವು ಕೊಟ್ಟ ಗಿಡದ ಎಲೆ ಹಿಂದೆ ಏನೋ ಕೇಸರಿ ಪುಡಿ ಇದೆ, ಹಾಗೇ ಇರುತ್ತಾ?” ಎಂದು ಆಕೆ ಬಹಳ ಸಂಕೋಚದಿಂದ ಕೇಳಿದಳು. ಆಕೆಯ ಹಿತ್ತಲಿನಲ್ಲಿ ನಾನು ಕೊಡುವ ಮೊದಲೇ ನರ್ಸರಿಯಿಂದ ತಂದ ‘ಜ್ಯೂವೆಲ್’ ತಳಿಯ ಬ್ಲ್ಯಾಕ್ ರಾಸ್ಪ್‌ಬೆರಿಯ ಒಂದು ಸಾಲೇ ಇತ್ತು. ವರ್ಷಗಳಿಂದ ಮಕ್ಕಳು ಬುಟ್ಟಿ ತುಂಬ ಹಣ್ಣು ಕೀಳುತ್ತಿದ್ದ ಆ ಸಾಲಿನ ಮೂರು ಗಿಡಗಳಲ್ಲಿ ಮರುವರ್ಷ ಅದೇ ಪುಡಿ ಕಾಣಿಸಿಕೊಂಡಿತು. ಪಕ್ಕದಲ್ಲೇ ಇದ್ದ ಕೆಂಪು ರಾಸ್ಪ್‌ಬೆರಿಗೆ ಏನೂ ಆಗಲಿಲ್ಲ, ಏಕೆಂದರೆ ಕೆಂಪಿಗೆ ಈ ರೋಗ ತಗಲುವುದಿಲ್ಲ. ಕಪ್ಪು ರಾಸ್ಪ್‌ಬೆರಿಗೂ ಬ್ಲ್ಯಾಕ್‌ಬೆರಿಗೂ ತಗಲುತ್ತದೆ. ಆಕೆ ನನ್ನನ್ನು ಒಂದು ಮಾತೂ ಆಡಲಿಲ್ಲ. ಆ ಮೌನವೇ ನನ್ನನ್ನು ಕೌಂಟಿಯ ಕೃಷಿ ವಿಸ್ತರಣಾ ಕಚೇರಿಗೆ ಕರೆದೊಯ್ದಿತು. ಇಂಥ ಕಚೇರಿಗಳು ಮನೆತೋಟದವರಿಗೂ ಸಲಹೆ ಕೊಡುತ್ತವೆ ಎಂಬುದನ್ನು ನಮ್ಮವರಲ್ಲಿ ಹಲವರು ಅರಿತಿಲ್ಲ; ಗಿಡ ಹಳದಿಯಾದ ಮೊದಲ ವಾರವೇ ಎಲೆಯೊಂದಿಗೆ ಅಲ್ಲಿಗೆ ಹೋಗಿ ಎಂದು ನಾನು ಒತ್ತಾಯಿಸುತ್ತೇನೆ.

ಅಲ್ಲಿ ತಿಳಿದದ್ದು ಇಷ್ಟು. ವಸಂತದ ಕೊನೆಯಲ್ಲಿ ಹಾರುವ ಕೇಸರಿ ಬೀಜಕಣಗಳು ಆರೋಗ್ಯವಾಗಿರುವ ಗಿಡದ ಎಲೆಗಳ ಮೇಲೆ ಕೂತು ಮೊಳೆಯುತ್ತವೆ. ಬೇಸಿಗೆಯಲ್ಲಿ ಆ ಎಲೆಗಳ ಅಡಿಯಲ್ಲಿ, ಹುಡುಕಿದರಷ್ಟೇ ಕಾಣುವ ಸಣ್ಣ ಕಂದು ಚುಕ್ಕೆಗಳು ಮೂಡುತ್ತವೆ. ಅಲ್ಲಿ ಹುಟ್ಟುವ ಇನ್ನೊಂದು ಬಗೆಯ ಬೀಜಕಣಗಳು, ತಂಪೂ ತೇವವೂ ಕೂಡಿದ ದಿನಗಳಲ್ಲಿ, ಬೇರು ಬಿಡುತ್ತಿರುವ ಕಡ್ಡಿಯ ತುದಿಯ ಮೊಗ್ಗನ್ನು ಹೊಗುತ್ತವೆ. ನಾನು ಯಾವ ತುದಿಗಳನ್ನು ಮಣ್ಣಿನಲ್ಲಿ ಹೂತು ಬೇರು ಬರಿಸಿ ಹಂಚಿದ್ದೆನೋ, ರೋಗಕ್ಕೆ ಬೇಕಾದ ಬಾಗಿಲು ಅವೇ ಆಗಿದ್ದವು.

ಇದನ್ನು ಕೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಅಪ್ಪನ ಮೊಟ್ಟೆ ಹಾಳೆ. ರೇಷ್ಮೆ ಹುಳುವಿಗೆ ಪೆಬ್ರಿನ್ ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೇ ದಾಟುತ್ತದೆ. ಆದ್ದರಿಂದ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲವೆಂದು ಖಚಿತವಾದ ಮೇಲೆಯೇ ರೈತನಿಗೆ ಮೊಟ್ಟೆ ಕೊಡುತ್ತಾರೆ. ಕಡಿಮೆ ಬೆಲೆಗೆ ಸಿಗುತ್ತದೆಂದು ಪರೀಕ್ಷೆಯಾಗದ ಮೊಟ್ಟೆಯನ್ನು ಅಪ್ಪ ಒಂದು ಬಾರಿಯೂ ಮನೆಯೊಳಗೆ ತರಲಿಲ್ಲ. ಕಡ್ಡಿಯನ್ನು ಯಾರಿಂದ ಬೇಕಾದರೂ ತರುತ್ತಿದ್ದರು, ಮೊಟ್ಟೆಯನ್ನಲ್ಲ. ನಾನು ಮಾಡಿದ ತುದಿಗಿಡಗಳು ಹಿಪ್ಪುನೇರಳೆ ಕಡ್ಡಿಯಂತಲ್ಲ, ಆ ಮೊಟ್ಟೆಯಂತೆ ಎಂದು ನನಗೆ ಹೊಳೆಯಲು ಮೂರು ವರ್ಷ ಬೇಕಾಯಿತು.

ಕೀಳುವ ಕೆಲಸಕ್ಕೆ ಗುಳ್ಳೆ ಒಡೆಯುವ ಮುಂಚಿನ ಎರಡು ಮೂರು ವಾರಗಳೇ ಸರಿಯಾದ ಕಾಲ. ಚಿಗುರು ಸಣಕಲಾಗಿ, ಎಲೆ ತಿಳಿಹಳದಿಯಾಗಿ ಕಂಡ ಕೂಡಲೇ, ಎಲೆಗಳಿನ್ನೂ ಇಬ್ಬನಿಯಲ್ಲಿ ಒದ್ದೆಯಿರುವ ಬೆಳಿಗ್ಗೆ, ಇಡೀ ಗಿಡಕ್ಕೆ ಚೀಲ ಮುಚ್ಚಿ, ನಂತರ ಬುಡದ ಸುತ್ತ ಅಗಲವಾಗಿ ಅಗೆಯಬೇಕು. ಬುಡದ ತುಂಡು ಉಳಿದರೆ ಅಲ್ಲಿಂದ ರೋಗವಿರುವ ಚಿಗುರೇ ಏಳುತ್ತದೆ. ನನ್ನಲ್ಲಿ ಎರಡು ಕಡೆ ಹಾಗಾಯಿತು. ಗೊಬ್ಬರದ ಗುಂಡಿಗೆ ಹಾಕಬಾರದು. ಬೇಲಿಯಾಚೆಯ ಕಾಡುಗಿಡಗಳನ್ನೂ ನೋಡಬೇಕು: ನಮ್ಮ ಹಿಂದಿನ ತೊರೆಯ ದಂಡೆಯಲ್ಲಿ ಬೆಳೆದಿದ್ದ ಕಾಡು ಬೆರಿಯ ಪೊದೆಯಲ್ಲೂ ಅದೇ ಕೇಸರಿ ಪುಡಿಯಿತ್ತು. ಅದು ಅಲ್ಲಿಂದ ನಮಗೆ ಬಂತೋ, ನಮ್ಮಿಂದ ಅಲ್ಲಿಗೆ ಹೋಯಿತೋ ಎಂದು ಈಗ ತೀರ್ಮಾನಿಸುವುದು ಸಾಧ್ಯವಿಲ್ಲ.

ಹೊಸದಾಗಿ ನೆಡುವಾಗ ಇನ್ನೊಂದು ತಪ್ಪನ್ನು ಮಾಡುವುದರಲ್ಲಿದ್ದೆ. ಚೆನ್ನಾಗಿ ಗೊಬ್ಬರ ತಿಂದ ಟೊಮೆಟೊ, ಬದನೆಯ ಮಡಿಯಲ್ಲೇ ನೆಡೋಣವೆಂದುಕೊಂಡಿದ್ದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಸ್ಟ್ರಾಬೆರಿ ಬೆಳೆದ ಮಣ್ಣಿನಲ್ಲಿ ವರ್ಟಿಸಿಲಿಯಂ ಎಂಬ ಸೊರಗು ರೋಗದ ಶಿಲೀಂಧ್ರ ವರ್ಷಗಟ್ಟಲೆ ಉಳಿಯಬಲ್ಲದು, ಮತ್ತು ಅದಕ್ಕೆ ಕೆಂಪಿಗಿಂತ ಕಪ್ಪು ರಾಸ್ಪ್‌ಬೆರಿಯೇ ಬೇಗ ಬಲಿಯಾಗುತ್ತದೆ. ನಮ್ಮವರ ಹಿತ್ತಲುಗಳಲ್ಲಿ ಈ ತರಕಾರಿಗಳಿಲ್ಲದ ಮಡಿ ಸಿಗುವುದೇ ಕಷ್ಟ. ಹುಲ್ಲುಹಾಸನ್ನು ಅಗೆದಾದರೂ ಬೇರೆ ಜಾಗ ಮಾಡಿಕೊಳ್ಳಿ. ಕೆಂಪು ರಾಸ್ಪ್‌ಬೆರಿಯಿಂದಲೂ ಸಾಧ್ಯವಾದಷ್ಟು ದೂರವಿಡಿ, ಏಕೆಂದರೆ ಲಕ್ಷಣವನ್ನೇ ತೋರದೆ ಕೆಂಪಿನಲ್ಲಿ ಅಡಗಿರುವ ವೈರಸ್ಸುಗಳನ್ನು ಗಿಡಹೇನುಗಳು ಕಪ್ಪಿಗೆ ತಂದು ಮುಟ್ಟಿಸುತ್ತವೆ. 2025ರಲ್ಲಿ ನಾನು ನೆಟ್ಟಿರುವ ನಾಲ್ಕು ಗಿಡಗಳು ಸರ್ಕಾರಿ ತಪಾಸಣೆಗೆ ಒಳಪಟ್ಟ ನರ್ಸರಿಯಿಂದ ಬಂದ, ಅಂಗಾಂಶ ಕೃಷಿಯ, ಅಂದರೆ ಪ್ರಯೋಗಾಲಯದಲ್ಲಿ ಗಿಡದ ಸಣ್ಣ ತುಣುಕಿನಿಂದ ಬೆಳೆಸಿದ ಗಿಡಗಳು. ಬೆಲೆ ಹೆಚ್ಚು, ಆದರೆ ಕಳೆದುಕೊಂಡದ್ದಕ್ಕೆ ಹೋಲಿಸಿದರೆ ಏನೂ ಅಲ್ಲ.

ಊರಿಗೆ ಹೋಗುವಾಗ ಬೇರುಬಿಟ್ಟ ತುದಿಯೊಂದನ್ನು ಪೆಟ್ಟಿಗೆಯಲ್ಲಿ ತರಬಾರದೇ ಎಂದು ಮೈಸೂರಿನ ನನ್ನ ತಂಗಿ ಕೇಳಿದ್ದಳು. ಹಾಗೆ ಕೇಳುವವರು ಬೇರೆಯವರ ಮನೆಯಲ್ಲೂ ಇದ್ದಾರು. ಈ ಗಿಡಕ್ಕೆ ಹೂಬಿಡಲು ದೀರ್ಘವಾದ ಚಳಿಗಾಲ ಬೇಕು, ಮೈಸೂರಿನ ಹವೆಯಲ್ಲಿ ಅದು ಹಣ್ಣು ಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಭಾರತದ 2003ರ ಸಸ್ಯ ಸಂಗರೋಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಅನುಮತಿಯೂ ಆರೋಗ್ಯ ಪ್ರಮಾಣಪತ್ರವೂ ಇಲ್ಲದೆ ಜೀವಂತ ಗಿಡ ತರುವಂತಿಲ್ಲ. ಇದೇ ಕುಲದ ಕಪ್ಪು ಹಣ್ಣಿನ ಗಿಡವೊಂದು ನಮ್ಮ ಕಡೆಯ ಬೆಟ್ಟಗಳಲ್ಲೇ ಇದೆ, ಜಗತ್ತು ಅದನ್ನು ಮೈಸೂರು ರಾಸ್ಪ್‌ಬೆರಿ ಎಂದೇ ಕರೆಯುತ್ತದೆ. ಮನುಷ್ಯರು ಹೊತ್ತೊಯ್ದ ಆ ಗಿಡ ಗಲಾಪಗೋಸ್ ದ್ವೀಪಗಳಲ್ಲಿ ಅಲ್ಲಿನ ಕಾಡನ್ನು ಮುಚ್ಚಿಹಾಕುವ ಕಳೆಯಾಗಿ ಕೂತಿದೆ.

ನಾನು ಗಿಡ ಕೊಟ್ಟ ನಾಲ್ಕು ಮನೆಗಳಲ್ಲಿ ಮೂವರ ಹಿತ್ತಲಿಗೆ ನಾನೇ ಗುದ್ದಲಿ ಹಿಡಿದು ಹೋಗಿ ಅಗೆದು ಬಂದೆ. ಜ್ಯೂವೆಲ್ ಸಾಲಿನ ಗೆಳತಿಗೆ ಹೊಸ ಗಿಡಗಳನ್ನು ತರಿಸಿಕೊಟ್ಟೆ. ನಾಲ್ಕನೆಯ ಕುಟುಂಬ ಮನೆ ಮಾರಿ ಬೇರೆ ರಾಜ್ಯಕ್ಕೆ ಹೋಗಿದ್ದರಿಂದ, ಆ ಮನೆಯ ಈಗಿನ ಮಾಲೀಕರಿಗೆ ಕಾಗದ ಬರೆದೆ. ಅವರು ಜುಲೈನಲ್ಲಿ ಒಳಗೆ ಬಿಟ್ಟು ಗಿಡ ತೋರಿಸಿದರು. ಎರಡೂ ಗಿಡಗಳು ಹಚ್ಚಹಸಿರಾಗಿದ್ದವು, ಒಂದರಲ್ಲಿ ಹಣ್ಣು ಕಿತ್ತ ಗುರುತೂ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಜುಲೈಯ ಹಸಿರನ್ನು ನಂಬುವ ಹಾಗಿಲ್ಲವೆಂದು ಅವರಿಗೆ ವಿವರಿಸಿ, ಯಾವ ತುದಿಯನ್ನೂ ನೆಲ ಮುಟ್ಟಲು ಬಿಡಬೇಡಿರೆಂದು, ಯಾರಿಗೂ ಗಿಡ ಕೊಡಬೇಡಿರೆಂದು ಕೇಳಿಕೊಂಡು, ಮುಂದಿನ ಏಪ್ರಿಲ್ ಕೊನೆಯಲ್ಲಿ ಎಲೆ ಮಗುಚಿ ನೋಡಲು ಮತ್ತೆ ಬರುತ್ತೇನೆಂದು ಹೇಳಿ ಬಂದಿದ್ದೇನೆ.